48 ಗಂಟೆಯ ಸುಳ್ಳು, ಒಂದು ದಿನದ ದೀಪಾವಳಿ

2019ರ ಮಾತು. ಜೂನ್ ಕೊನೆಯ ವಾರ. ಹೆದ್ದಾರಿ ಪಕ್ಕದ ಪಟಾಕಿ ಅಂಗಡಿಯೊಂದರಲ್ಲಿ ಹೂಕುಂಡ, ರಾಕೆಟ್ಟು, ಒಂದಾದ ಮೇಲೊಂದು ಮೇಲೆ ಹಾರುವ ಶಾಟ್‌ಗಳ ಪೆಟ್ಟಿಗೆ ಎಲ್ಲ ಗಾಡಿಗೆ ತುಂಬಿಕೊಂಡು ಬಿಲ್ ಮಾಡಿಸಲು ನಿಂತಿದ್ದೆ. ಕೌಂಟರಿನ ಹುಡುಗಿ ದುಡ್ಡು ತೆಗೆದುಕೊಳ್ಳುವ ಮೊದಲು ಒಂದು ಹಾಳೆಯನ್ನು ನನ್ನ ಮುಂದೆ ತಳ್ಳಿದಳು. ಓದಿದೆ. ಕೊಂಡ ಪಟಾಕಿಯನ್ನೆಲ್ಲ 48 ಗಂಟೆಯೊಳಗೆ, ನಾವಿರುವ ಅಮೆರಿಕದ ಒಹಾಯೊ ರಾಜ್ಯದಿಂದ ಹೊರಗೆ ಒಯ್ಯುತ್ತೇನೆ ಅಂತ ನಾನು ಮಾತು ಕೊಡಬೇಕು. ಪಕ್ಕದಲ್ಲಿದ್ದ ಮಗಳು ಅದನ್ನು ಗಟ್ಟಿಯಾಗಿ ಓದಿ, "ಅಪ್ಪಾ, ನಾವು ಎಲ್ಲಿಗೆ ಹೋಗ್ತಿದ್ದೀವಿ?" ಅಂದಳು. ನಾನು ಉತ್ತರ ಕೊಡದೆ ಸೈನ್ ಹಾಕಿದೆ. ಸಾಲಿನಲ್ಲಿ ಹಿಂದೆ ನಿಂತಿದ್ದವರು ನಕ್ಕರು. ಅವರೂ ಅದೇ ಹಾಳೆಗೆ ಸೈನ್ ಹಾಕುವವರೇ.

ಇಲ್ಲಿ ಹಳಬರು ಅದನ್ನು ಸುಳ್ಳುಗಾರರ ಕಾನೂನು ಅಂತಲೇ ಕರೆಯುತ್ತಿದ್ದರು. ಒಹಾಯೊದಲ್ಲಿ ದೊಡ್ಡ ಪಟಾಕಿ ಮಾರಬಹುದಿತ್ತು, ಕೊಳ್ಳಬಹುದಿತ್ತು, ಹೊಡೆಯುವ ಹಾಗಿರಲಿಲ್ಲ. ಪಕ್ಕದ ಪೆನ್ಸಿಲ್ವೇನಿಯಾದ ಕಥೆ ಇನ್ನೂ ಮಜಾ. ಅಲ್ಲಿನ ಅಂಗಡಿಗಳು ಆಕಾಶಕ್ಕೆ ಹಾರುವ ಪಟಾಕಿಯನ್ನು ಹೊರರಾಜ್ಯದವರಿಗೆ ಮಾತ್ರ ಮಾರಬಹುದಿತ್ತು, ಊರಿನವರಿಗೆ ಇಲ್ಲ. ಹಾಗಾಗಿ ಅವರು ನಮ್ಮ ಕಡೆ ಬರುತ್ತಿದ್ದರು, ನಮ್ಮವರು ಅವರ ಕಡೆ ಹೋಗುತ್ತಿದ್ದರು. ಗಡಿಯಲ್ಲಿ ಕಾರುಗಳು ಎದುರುಬದುರಾಗುತ್ತಿದ್ದವು. ಬೆಂಗಳೂರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೀಪಾವಳಿ ಹತ್ತಿರ ಬಂದರೆ ಅತ್ತಿಬೆಲೆ, ಹೊಸೂರು ಕಡೆ ಕಾರು ತಿರುಗಿಸಿದವರು ನಾವೇ ಅಲ್ವಾ?

ನವೆಂಬರ್ 2021ರಲ್ಲಿ ಗವರ್ನರ್ ಮೈಕ್ ಡಿವೈನ್ ಹೊಸ ಮಸೂದೆಗೆ ಸಹಿ ಹಾಕಿದರು. ಅದೇ ವರ್ಷ ಜುಲೈನಲ್ಲಿ ಇಂಥದ್ದೇ ಇನ್ನೊಂದನ್ನು ಅವರು ತಡೆಹಿಡಿದಿದ್ದರು. ಜುಲೈ 1, 2022ರಿಂದ ಒಹಾಯೊದಲ್ಲಿ ಮನೆಯ ಅಂಗಳದಲ್ಲಿ ಪಟಾಕಿ ಹೊಡೆಯುವುದು ಕಾನೂನುಬದ್ಧವಾಯಿತು. ವರ್ಷಪೂರ್ತಿ ಅಲ್ಲ, ಕೆಲವು ದಿನ ಮಾತ್ರ. ಆ ದಿನಗಳ ಪಟ್ಟಿಯನ್ನು ಓದಿದಾಗ ಇಲ್ಲಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬರುವ ಲೇಬರ್ ಡೇ (ಕಾರ್ಮಿಕರ ದಿನ) ವಾರಾಂತ್ಯಕ್ಕೂ ವರ್ಷದ ಕೊನೆಯ ರಾತ್ರಿಗೂ ನಡುವೆ ಒಂದೇ ಒಂದು ಪದ: ದಿವಾಲಿ. ಚೀನೀ ಹೊಸ ವರ್ಷವೂ ಇದೆ, ಮೆಕ್ಸಿಕೊ ಮೂಲದವರ ಸಿಂಕೊ ದೆ ಮಾಯೊ ಕೂಡ ಇದೆ. ನಮ್ಮ ಹಬ್ಬದ ಹೆಸರು ಒಹಾಯೊದ ಕಾನೂನು ಪುಸ್ತಕಕ್ಕೆ ಸೇರಿದ್ದು ಪಟಾಕಿಯ ಬಾಗಿಲಿಂದ! ಅಂದು ಗುಂಪಿನಲ್ಲಿ ಬಂದ ಕೈಮುಗಿದ ಎಮೋಜಿಗಳನ್ನು ಎಣಿಸಲಾಗಲಿಲ್ಲ.

ಆಮೇಲೆ ಪಟ್ಟಿಯನ್ನು ನಿಧಾನವಾಗಿ ಇನ್ನೊಮ್ಮೆ ಓದಿದೆ. ಅಮೆರಿಕದ ಸ್ವಾತಂತ್ರ್ಯ ದಿನ ಜುಲೈ 4, ಅದರ ಹಿಂದಿನ ದಿನ, ಮರುದಿನ, ಅದರ ಆಚೀಚೆಯ ಎರಡೂ ವಾರಾಂತ್ಯ, ಶುಕ್ರವಾರವೂ ಸೇರಿ. ಮೇ ಕೊನೆಯ ಮೆಮೋರಿಯಲ್ ಡೇ (ಮಡಿದ ಸೈನಿಕರ ನೆನಪಿನ ದಿನ), ಲೇಬರ್ ಡೇಗೆ ಇಡೀ ವಾರಾಂತ್ಯ. ನಮಗೆ ಒಂದು ದಿನ. ನಮ್ಮ ದೀಪಾವಳಿ ಒಂದು ದಿನದ್ದಾ? ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಮೊದಲ ಸರ ಹಚ್ಚಿದರೆ ಹಬ್ಬ ಶುರು. ಆಮೇಲೆ ಅಮಾವಾಸ್ಯೆಯ ಲಕ್ಷ್ಮೀಪೂಜೆ. ಬಲಿಪಾಡ್ಯಮಿ ಬಂದರೆ ಮಲೆನಾಡಿನವರಿಗೆ, ಉತ್ತರ ಕರ್ನಾಟಕದವರಿಗೆ ನಿಜವಾದ ಹಬ್ಬ ಅಂದು. ಕಾನೂನು ಬರೆದವರಿಗೆ ಇದನ್ನೆಲ್ಲ ಹೇಳುವವರು ಯಾರೂ ಇರಲಿಲ್ಲವೇನೋ. ನಾವಂತೂ ಹೇಳಿರಲಿಲ್ಲ.

ಇನ್ನೂ ಒಂದು ಪೇಚಿದೆ. ಈ ವರ್ಷ (2025) ದೀಪಾವಳಿ ಅಕ್ಟೋಬರ್ 20, ಸೋಮವಾರ. ಯಾವ ಸಂಘ ಸೋಮವಾರ ಹಬ್ಬ ಮಾಡುತ್ತದೆ? ಎಲ್ಲರ ಹಾಗೆ ನಾವೂ ದೀಪಾವಳಿ ಮತ್ತು ರಾಜ್ಯೋತ್ಸವವನ್ನು ಸೇರಿಸಿ ಒಂದೇ ಶನಿವಾರ ಮುಗಿಸುವವರು. ಈ ಸಲ ನವೆಂಬರ್ 1 ಶನಿವಾರವೇ ಬಂದಿದೆ, ಕಾರ್ಯಕ್ರಮ ಅಂದೇ. ಆದರೆ ಆ ಶನಿವಾರ ಪಟ್ಟಿಯಲ್ಲಿಲ್ಲ. ಕಾನೂನು ಬಂದ ಮೇಲೆ ಹಬ್ಬ ವಾರಾಂತ್ಯಕ್ಕೆ ಬಿದ್ದದ್ದು ಒಂದೇ ಸಲ, 2023ರ ನವೆಂಬರ್ 12, ಭಾನುವಾರ.

ಪ್ರತಿ ವರ್ಷ ಅಕ್ಟೋಬರ್ ಬಂದರೆ ನನಗೆ ಬರುವ ಫೋನ್ ಒಂದೇ. "ಈಗ ಹೊಡೀಬಹುದಂತೆ, ಹೌದಾ?" ನಾನು ಕೇಳುವುದೂ ಒಂದೇ: "ನಿಮ್ಮ ಮನೆ ಯಾವ ಊರಿನ ಲೆಕ್ಕಕ್ಕೆ ಬರುತ್ತೆ?" ರಾಜ್ಯ ಕೊಟ್ಟದ್ದನ್ನು ಸಿಟಿ ಕೌನ್ಸಿಲ್ ಅಥವಾ ಟೌನ್‌ಶಿಪ್ (ಸಿಟಿಯ ಹೊರಗಿನ ಸ್ಥಳೀಯ ಆಡಳಿತ) ವಾಪಸ್ ತೆಗೆದುಕೊಳ್ಳಬಹುದು ಅಂತ ಅದೇ ಕಾನೂನು ಹೇಳುತ್ತದೆ. ಕೊಲಂಬಸ್, ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ ಮೂರೂ ತೆಗೆದುಕೊಂಡವು. ಅಂದರೆ ನಮ್ಮವರು ಜಾಸ್ತಿ ಇರುವ ಕಡೆಯೇ ಇಲ್ಲ. ಅದಕ್ಕಿಂತ ಗೊಂದಲ ಎಂದರೆ ಅಂಚೆ ವಿಳಾಸ. ನಮ್ಮಲ್ಲಿ ಎಷ್ಟೋ ಮನೆಗಳ ವಿಳಾಸದಲ್ಲಿ ಕೊಲಂಬಸ್ ಎಂದಿರುತ್ತದೆ, ಮನೆ ಇರುವುದು ಮಾತ್ರ ಬೇರೆ ಸಿಟಿಯಲ್ಲೋ ಟೌನ್‌ಶಿಪ್‌ನಲ್ಲೋ. ರಸ್ತೆಯ ಈಚೆ ದಂಡ, ಆಚೆ ಹಬ್ಬ. ಕೌಂಟಿ (ಇಲ್ಲಿನ ಜಿಲ್ಲೆ) ಆಡಿಟರ್ ವೆಬ್‌ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿದರೆ ಮನೆತೆರಿಗೆ ಯಾವ ಊರಿಗೆ ಹೋಗುತ್ತದೆ ಅಂತ ಬರುತ್ತದೆ. ಆ ಊರಿನ ನಿಯಮವೇ ನಿಮ್ಮ ನಿಯಮ. ಸುರುಸುರು ಬತ್ತಿಗೆ ರಾಜ್ಯದ ತಕರಾರು ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ಊರಿನದ್ದನ್ನು ಒಮ್ಮೆ ನೋಡಿಬಿಡಿ.

ಸಿಟಿಗಳು ಯಾಕೆ ಬೇಡ ಅಂದವು? ದುಡ್ಡಿನ ದಾರಿ ಹಿಡಿದು ಹೋದರೆ ಅರ್ಥವಾಗುತ್ತದೆ. ಹೊಸ ಕಾನೂನು ಪಟಾಕಿ ಮಾರಾಟದ ಮೇಲೆ 4 ಶೇಕಡಾ ಶುಲ್ಕ ಹಾಕಿತು. ಅದು ರಾಜ್ಯದ ಖಜಾನೆಗೆ ಹೋಗುತ್ತದೆ. ಬಹುಪಾಲು ಅಗ್ನಿಶಾಮಕ ಸಿಬ್ಬಂದಿಯ ತರಬೇತಿಗೆ, ಉಳಿದದ್ದು ಪಟಾಕಿ ಉದ್ಯಮದ ಮೇಲ್ವಿಚಾರಣೆಗೆ. ಮಾಮೂಲಿ ಮಾರಾಟ ತೆರಿಗೆ ರಾಜ್ಯಕ್ಕೆ 5.75 ಶೇಕಡಾ, ಅದರ ಮೇಲೆ ಅಂಗಡಿ ಇರುವ ಕೌಂಟಿಯ ಪಾಲು. ಅಂಗಡಿಗಳು ಇರುವುದು ಹೆದ್ದಾರಿ ಬದಿಯಲ್ಲಿ. ಪಟಾಕಿ ಸಿಡಿಯುವುದು ನಮ್ಮ ಬೀದಿಯಲ್ಲಿ. ರಾತ್ರಿ ಹನ್ನೊಂದಕ್ಕೆ ತುರ್ತು ಸಂಖ್ಯೆ 911ಗೆ ಬರುವ ದೂರಿಗೆ ಪೊಲೀಸ್ ಕಾರು ಕಳಿಸುವವರು ನಮ್ಮ ಸಿಟಿಯವರು. ಲಾಭ ಒಂದು ಊರಿಗೆ, ಸದ್ದು ಇನ್ನೊಂದು ಊರಿಗೆ ಅಂದರೆ ಯಾವ ಕೌನ್ಸಿಲ್ ಒಪ್ಪುತ್ತದೆ?

ಬೇರೆ ರಾಜ್ಯಗಳು ನಮಗಿಂತ ಮೊದಲೇ ಈ ದಾರಿ ತುಳಿದಿವೆ. ಮಿಷಿಗನ್ 2012ರಲ್ಲಿ ಬಾಗಿಲು ತೆರೆಯಿತು, 6 ಶೇಕಡಾ ಮಾರಾಟ ತೆರಿಗೆಯ ಮೇಲೆ ಇನ್ನೊಂದು 6 ಶೇಕಡಾ ಸುರಕ್ಷತಾ ಶುಲ್ಕ ಹಾಕಿತು. ಹಬ್ಬಕ್ಕೆ ಮೂರು ದಿನದಂತೆ ವರ್ಷಕ್ಕೆ 30 ದಿನ, ಅಷ್ಟೂ ದಿನ ಸಿಟಿಗಳು ಬಾಯಿ ಬಿಡುವ ಹಾಗಿಲ್ಲ. ಜನ ಆರು ವರ್ಷ ನಿದ್ದೆಗೆಟ್ಟ ಮೇಲೆ, 2018ರ ಕೊನೆಯಲ್ಲಿ, ಆ ದಿನಗಳನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. ಪೆನ್ಸಿಲ್ವೇನಿಯಾ 2017ರಲ್ಲಿ ತನ್ನವರಿಗೂ ಮಾರಲು ಒಪ್ಪಿತು, ಬೆಲೆಯ ಮೇಲೆ 12 ಶೇಕಡಾ ಪಟಾಕಿ ತೆರಿಗೆ, ಅದರ ಜೊತೆ 6 ಶೇಕಡಾ ಮಾರಾಟ ತೆರಿಗೆ. ನೂರು ಡಾಲರ್ ಪಟಾಕಿಗೆ ಹದಿನೆಂಟು ಡಾಲರ್ ಸರ್ಕಾರಕ್ಕೆ! ಅಲ್ಲೂ ಐದು ವರ್ಷದಲ್ಲಿ ಹಗ್ಗ ಬಿಗಿದರು: 2022ರಿಂದ, ಕೆಲವು ಹಬ್ಬದ ದಿನ ಬಿಟ್ಟು, ರಾತ್ರಿ ಹತ್ತರ ಮೇಲೆ ಹೊಡೆಯುವ ಹಾಗಿಲ್ಲ. ಒಹಾಯೊ ಜಾಣತನ ಮಾಡಿತು ಅಂತ ನನಗನ್ನಿಸುತ್ತದೆ. ಬೇಡ ಅನ್ನುವ ಹಕ್ಕನ್ನು ಮೊದಲ ದಿನವೇ ಊರುಗಳ ಕೈಗೆ ಕೊಟ್ಟಿತು.

ಕಾನೂನು ಸಡಿಲವಾದರೆ ವ್ಯಾಪಾರ ಏರುತ್ತದಾ? ಏರಿದೆ. ಉದ್ಯಮದವರೇ ಕೊಡುವ ಲೆಕ್ಕದಲ್ಲಿ ಇಡೀ ಅಮೆರಿಕದಲ್ಲಿ ಮನೆ ಪಟಾಕಿಯ ವ್ಯಾಪಾರ 2000ದಲ್ಲಿ ಸುಮಾರು 40 ಕೋಟಿ ಡಾಲರ್ ಇತ್ತು, 2019ರಲ್ಲಿ 100 ಕೋಟಿ ಆಯಿತು, 2020ರಲ್ಲಿ ಒಮ್ಮೆಲೇ 190 ಕೋಟಿ. ಆ ಕೊನೆಯ ನೆಗೆತ ಕಾನೂನಿನದ್ದಲ್ಲ, ಕೋವಿಡ್‌ದು. ಊರಿನ ಪ್ರದರ್ಶನಗಳೆಲ್ಲ ರದ್ದಾಗಿ ಜನ ಅಂಗಳಕ್ಕಿಳಿದರು, ಅಷ್ಟೇ. ಒಹಾಯೊದಲ್ಲಂತೂ ನಾವೆಲ್ಲ ಮೊದಲಿಂದಲೂ ಕೊಳ್ಳುತ್ತಿದ್ದವರೇ. ಇಲ್ಲಿ ಬದಲಾದದ್ದು ವ್ಯಾಪಾರಕ್ಕಿಂತ ಆ ಹಾಳೆ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ, ಹಬ್ಬದ ಸಂಚಿಕೆಯಲ್ಲಿ ಇದು ಯಾಕೆ ಅಂತ ಬೈಯಬೇಡಿ. ಅಮೆರಿಕ ಕೇಂದ್ರ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜಿನಂತೆ ದೇಶದಲ್ಲಿ ಪಟಾಕಿಯಿಂದ ಗಾಯಗೊಂಡವರು 2023ರಲ್ಲಿ 9,700, ಮರುವರ್ಷ 14,700. ಮಕ್ಕಳ ಕೈಗೆ ಸುಮ್ನೆ ಕೊಟ್ಟುಬಿಡುವ ಸುರುಸುರು ಬತ್ತಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿಯುತ್ತದೆ. ಜುಲೈ 3, 1996ರಂದು ನಮ್ಮ ರಾಜ್ಯದ ದಕ್ಷಿಣ ತುದಿಯ ಸ್ಕಾಟ್‌ಟೌನ್‌ನಲ್ಲಿ ಪಟಾಕಿ ಅಂಗಡಿಯ ಒಳಗೇ ಬೆಂಕಿ ಹೊತ್ತಿ ಒಂಬತ್ತು ಜನ ಸತ್ತರು. ಇಲ್ಲಿನ ಹಳೆಯ ಫೈರ್‌ಮನ್‌ಗಳು ಪಟಾಕಿ ಎಂದೊಡನೆ ಆ ಊರಿನ ಹೆಸರು ಹೇಳುತ್ತಾರೆ. ಅಕ್ಟೋಬರ್ 7, 2023ರ ಅತ್ತಿಬೆಲೆ ನಮಗಿನ್ನೂ ಹಸಿಯಾಗಿದೆ. ದೀಪಾವಳಿಗೆ ಐದು ವಾರ ಇರುವಾಗ ಗೋದಾಮಿನಲ್ಲಿ ಬೆಂಕಿ ಬಿದ್ದು ಅಂದೇ ಹದಿನಾಲ್ಕು ಜನ ಹೋದರು. ಆ ವರ್ಷ ನನಗೆ ಪಟಾಕಿ ಕೊಳ್ಳಲು ಮನಸ್ಸಾಗಲಿಲ್ಲ.

ಅಂದ ಹಾಗೆ, ಇಲ್ಲಿನ ಅಂಗಡಿಯಲ್ಲಿ ಆಟಂ ಬಾಂಬ್ ಹುಡುಕಬೇಡಿ, ಸಿಗುವುದಿಲ್ಲ. ನೆಲದ ಮೇಲೆ ಸಿಡಿಯುವ ಪಟಾಕಿಯಲ್ಲಿ 50 ಮಿಲಿಗ್ರಾಂಗಿಂತ ಹೆಚ್ಚು ಮದ್ದು ಇರುವ ಹಾಗಿಲ್ಲ. ಸಿಗುವುದು ಹೆಚ್ಚುಕಡಿಮೆ ಎಲ್ಲವೂ ಚೀನಾದಿಂದ ಬಂದದ್ದು, ಈ ವರ್ಷದ ಸುಂಕದ ಗಲಾಟೆಯಿಂದ ಬೆಲೆಯೂ ಏರಿದೆ. ಕಳೆದ ವಾರ ಅಂಗಡಿಗೆ ಹೋಗಿ ವಿಷ್ಣುಚಕ್ರ ಇದೆಯಾ ಅಂತ ಕೈ ಸುತ್ತಿ ತೋರಿಸಿ ಕೇಳಿದೆ. ಹುಡುಗ ತಲೆ ಕೆರೆದುಕೊಂಡು ಒಂದು ಡಬ್ಬ ತಂದ. ಮುಚ್ಚಳದ ಮೇಲೆ ಹದ್ದಿನ ಚಿತ್ರ, ಒಳಗೆ ನಮ್ಮ ನೆಲಚಕ್ರ. ತಂದುಕೊಂಡೆ. ಯಾವ ಹಾಳೆಗೂ ಸೈನ್ ಹಾಕಬೇಕಾಗಲಿಲ್ಲ. ನನ್ನ ಸಿಟಿಯಲ್ಲಿ ಅದನ್ನು ಹಚ್ಚುವ ಹಾಗಿಲ್ಲ ಎನ್ನುವುದು ಬೇರೆ ಮಾತು.

ನವೆಂಬರ್ 1ರ ಕಾರ್ಯಕ್ರಮದಲ್ಲಿ ಪಟಾಕಿ ಇರುವುದಿಲ್ಲ. ಶಾಲೆಯ ಪಾರ್ಕಿಂಗ್ ನಮ್ಮದಲ್ಲ, ದಿನವೂ ನಮ್ಮದಲ್ಲ. ಪರವಾನಗಿ ಇರುವ ಪ್ರದರ್ಶಕರನ್ನು ಕರೆಸಿ, ಫೈರ್ ಚೀಫ್ ಅನುಮತಿ ಪಡೆದು ಮಾಡಿಸಬಹುದು, ಆದರೆ ಆ ಖರ್ಚಿಗೆ ನಮ್ಮ ಊಟದ ಟಿಕೆಟ್ ಎರಡು ಪಟ್ಟಾಗುತ್ತದೆ. ಅಕ್ಟೋಬರ್ 20ರ ಸಂಜೆಗೆ ಮಾತ್ರ ಸದಸ್ಯರೊಬ್ಬರು ನಿಷೇಧವಿಲ್ಲದ ಟೌನ್‌ಶಿಪ್‌ನಲ್ಲಿರುವ ತಮ್ಮ ಜಾಗಕ್ಕೆ ಎಲ್ಲರನ್ನೂ ಕರೆದಿದ್ದಾರೆ. ಬಕೆಟ್ ನೀರು, ಮರಳು ಅವರದ್ದು. ಕಾಟನ್ ಬಟ್ಟೆ ಹಾಕಿಕೊಂಡು ಬನ್ನಿ, ಹಚ್ಚುವುದು ದೊಡ್ಡವರು ಮಾತ್ರ, ಗ್ಲಾಸ್ ಹಿಡಿದವರು ದೂರ. ಕುಡಿದು ಹಚ್ಚುವುದನ್ನು ಈ ಕಾನೂನೇ ನಿಷೇಧಿಸಿದೆ, ನಾನು ಹೇಳಿದ್ದಲ್ಲ.

ಪಟ್ಟಿಗೆ ಇನ್ನೊಂದು ವಾರಾಂತ್ಯ ಸೇರಿಸಿ ಅಂತ ರಾಜ್ಯಕ್ಕೆ ಬರೆಯೋಣ ಎಂದು ಕೆಲವರು ಹೇಳುತ್ತಿದ್ದಾರೆ. ನನಗೆ ಅದಕ್ಕಿಂತ ಕೌನ್ಸಿಲ್ ಬಾಗಿಲು ತಟ್ಟುವುದು ಸರಿ ಅನ್ನಿಸುತ್ತದೆ. ನಮ್ಮ ಸಿಟಿ ಬೇಡ ಅಂದ ದಿನ ಆ ಸಭೆಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ, ನಾನೂ ಇರಲಿಲ್ಲ. ಕೇಳಬೇಕಾದದ್ದೂ ದೊಡ್ಡದೇನಲ್ಲ. 2018ರಲ್ಲಿ ಭಾರತದ ಸುಪ್ರೀಂ ಕೋರ್ಟ್ ದೀಪಾವಳಿಗೆ ರಾತ್ರಿ ಎಂಟರಿಂದ ಹತ್ತು ಅಂತ ಹೇಳಿತಲ್ಲ, ಅಷ್ಟೇ ಎರಡು ಗಂಟೆ ಇಲ್ಲೂ ಕೊಡಿ ಅಂತ. ಪಕ್ಕದ ಮನೆಯ ನಾಯಿಗೂ ಅಷ್ಟು ಹೊತ್ತು ಒಳಗಿರಬಹುದು ಅಂತ ಅದರ ಯಜಮಾನರು ನನಗೆ ಹೇಳಿದ್ದಾರೆ.

ಮುಂದಿನ ತಿಂಗಳ ಸಭೆಗೆ ಹೆಸರು ಕೊಟ್ಟಿದ್ದೇನೆ. ಒಬ್ಬರಿಗೆ ಮೂರು ನಿಮಿಷ. ನಿನ್ನೆ ರಾತ್ರಿ ಅಡುಗೆಮನೆಯಲ್ಲಿ ನಿಂತು ಭಾಷಣ ಒಪ್ಪಿಸಿದೆ, ಮಗಳು ಫೋನಿನಲ್ಲಿ ಟೈಮರ್ ಇಟ್ಟುಕೊಂಡು ಕೇಳಿದಳು. ನರಕಾಸುರ ಸಾಯುವಷ್ಟರಲ್ಲೇ ಎರಡು ನಿಮಿಷ ನಲವತ್ತು ಸೆಕೆಂಡ್ ಆಗಿತ್ತು. ಅವನನ್ನು ಈ ಸಲ ಬಿಟ್ಟುಬಿಡುತ್ತೇನೆ.