ಮನೆಯಲ್ಲೇ ಕಟ್ಟಬಹುದಾದ ಮಗ್ಗ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಹವ್ಯಾಸದ ಪುಟಗಳಲ್ಲಿ ಕಸೂತಿ, ಹೆಣಿಗೆಗಳಿಗೆ ಸಿಗುವಷ್ಟು ಜಾಗ ನೇಯ್ಗೆಗೆ ಸಿಗುವುದಿಲ್ಲ. ಮಗ್ಗವೆಂದರೆ ಕೋಣೆಯನ್ನೇ ತುಂಬುವ ದುಬಾರಿ ಸಲಕರಣೆ ಎಂಬ ಭಾವನೆ ಇದಕ್ಕೆ ಕಾರಣವಿರಬೇಕು. ಆದರೆ ಗರಗಸ, ಸುತ್ತಿಗೆ ಹಿಡಿಯಬಲ್ಲ ಯಾರಾದರೂ ನಾಲ್ಕು ಮರದ ಪಟ್ಟಿಗಳಿಂದ ಚೌಕಟ್ಟಿನ ಮಗ್ಗವನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಅದರ ವಿಧಾನವನ್ನು ಅಳತೆಯ ಚಿತ್ರಗಳೊಂದಿಗೆ ತಾವು ಪ್ರಕಟಿಸಬೇಕೆಂದು ಕೋರುತ್ತೇನೆ.

ಹಾಗೆ ಪ್ರಕಟಿಸುವಾಗ ಎಲ್ಲಕ್ಕಿಂತ ಹೆಚ್ಚು ಒತ್ತು ಹಾಸಿನ, ಎಂದರೆ ಮಗ್ಗದ ಉದ್ದಕ್ಕೆ ಕಟ್ಟುವ ಎಳೆಗಳ, ಬಿಗಿತಕ್ಕೆ ಸಿಗಬೇಕು. ಪ್ರಾಚೀನ ಗ್ರೀಕರು ಹಾಸಿನ ಎಳೆಗಳ ತುದಿಗೆ ಮಣ್ಣಿನ ಬಿಲ್ಲೆಗಳನ್ನು ತೂಗುಬಿಟ್ಟದ್ದೂ, ಗ್ವಾಟೆಮಾಲಾದ ನೇಕಾರ ಹೆಂಗಸರು ಇಂದಿಗೂ ಮಗ್ಗದ ಒಂದು ತುದಿಯನ್ನು ಸೊಂಟಕ್ಕೆ ಪಟ್ಟಿಯಿಂದ ಬಿಗಿದುಕೊಂಡು ಹಿಂದಕ್ಕೆ ವಾಲುವುದೂ ಈ ಬಿಗಿತಕ್ಕಾಗಿಯೇ. ಮರದ ಬದಲು ರಟ್ಟಿನ ಅಂಚಿನಲ್ಲಿ ಕಚ್ಚುಗಳನ್ನು ಕತ್ತರಿಸಿ ದಾರ ಸುತ್ತುವ ಕ್ರಮ ಸುಲಭವೇನೋ ಹೌದು. ಆದರೆ ಎಳೆಗಳು ಹೆಚ್ಚಿದಂತೆ ರಟ್ಟು ಬಾಗಿ ಹಾಸು ಸಡಿಲಗೊಳ್ಳುತ್ತದೆ, ಮತ್ತು ಹೊಸದಾಗಿ ಕಲಿಯುವವರು ದೋಷವೆಲ್ಲ ತಮ್ಮ ಕೈಯದೆಂದು ತಿಳಿದು ನೇಯ್ಗೆಯನ್ನೇ ಕೈಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಸುಮಾರು 40 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಚೌಕಟ್ಟು ಆರಂಭಕ್ಕೆ ಸಾಕು. ಮೂಲೆಯಿಂದ ಮೂಲೆಗೆ ಅಳೆದಾಗ ಎರಡೂ ಕರ್ಣಗಳು ಸಮನಾಗಿರಬೇಕು. ಇಲ್ಲವಾದರೆ ಬಟ್ಟೆ ಓರೆಯಾಗುತ್ತದೆ. ಮೇಲಿನ ಮತ್ತು ಕೆಳಗಿನ ಪಟ್ಟಿಗಳಲ್ಲಿ 1 ಸೆಂ.ಮೀ. ಅಂತರಕ್ಕೆ ಮೊಳೆಗಳನ್ನು ಹೊಡೆಯುವಾಗ, ಒಂದೇ ಗೆರೆಯಲ್ಲಿ ಹೊಡೆದರೆ ಮರ ಸೀಳುವ ಸಂಭವವಿರುವುದರಿಂದ, ಒಂದು ಬಿಟ್ಟು ಒಂದನ್ನು ತುಸು ಹಿಂದಕ್ಕೆ ಸರಿಸುವುದು ಲೇಸು. ಹಾಸಿನ ಎಳೆಗಳಿಗೆ ಹಿಗ್ಗದ, ಗಟ್ಟಿ ಹುರಿಯ ಹತ್ತಿನೂಲು ಬೇಕು. ಉಣ್ಣೆಯಂತಹ ಮೆತ್ತನೆಯ ನೂಲು ಅಡ್ಡಕ್ಕೆ ಹಾಯುವ ಹೊಕ್ಕಿಗಿರಲಿ. ದಾರ ಪ್ರತಿ ಮೊಳೆಯನ್ನೂ ಸುತ್ತಿ ಮೇಲೆ ಕೆಳಗೆ ಹೋಗುವಾಗ ಈ ಅಂತರದಲ್ಲಿ ಸೆಂಟಿಮೀಟರಿಗೆ ಎರಡೇ ಎಳೆಗಳು ಬರುವುದರಿಂದ ಚಾಪೆ, ಚೀಲಗಳಿಗೆ ಒಗ್ಗುವ ದಪ್ಪ ನೇಯ್ಗೆ ಸಾಧ್ಯ, ತೆಳುಬಟ್ಟೆ ಅಲ್ಲ.

ಹೊಕ್ಕಿನ ನೂಲನ್ನು ನೇರವಾಗಿ ಜಗ್ಗಿ ಎಳೆಯಬಾರದು. ಅದನ್ನು ಕಮಾನಿನಂತೆ ಸಡಿಲವಾಗಿ ಹಾಯಿಸಿ, ಬಳಿಕ ಬಾಚಣಿಗೆಯಿಂದ ಒತ್ತಿದರೆ ಬಟ್ಟೆಯ ಅಂಚುಗಳು ಒಳಕ್ಕೆ ಸೆಳೆದುಕೊಳ್ಳುವುದಿಲ್ಲ.

ಪ್ರತಿ ಸಾಲಿಗೂ ಎಳೆಗಳನ್ನು ಬೆರಳಿನಿಂದ ಎತ್ತುತ್ತ ಕೂರುವ ಶ್ರಮವನ್ನು ಎರಡು ಕಡ್ಡಿಗಳು ತಪ್ಪಿಸುತ್ತವೆ. ಒಂದು ಬಿಟ್ಟು ಒಂದು ಎಳೆಯ ಕೆಳಗೆ ಚಪ್ಪಟೆ ಪಟ್ಟಿಯೊಂದನ್ನು ತೂರಿಸಿ ಅದರ ಅಂಚಿನ ಮೇಲೆ ನಿಲ್ಲಿಸಿದರೆ ಅಷ್ಟೂ ಎಳೆಗಳು ಒಟ್ಟಿಗೆ ಮೇಲೇಳುತ್ತವೆ. ಉಳಿದವನ್ನು ಸಮನಾದ ದಾರದ ಕುಣಿಕೆಗಳಿಂದ ದುಂಡುಕೋಲಿಗೆ ಕಟ್ಟಿ, ಪಟ್ಟಿಯನ್ನು ಮಲಗಿಸಿ ಹಿಂದಕ್ಕೆ ಸರಿಸಿದ ಮೇಲೆ ಕೋಲನ್ನು ಎತ್ತಬೇಕು. ಬರಹದಲ್ಲಿ ತೊಡಕಾಗಿ ಕಾಣುವ ಈ ಎರಡು ಹಂತಗಳನ್ನು ಪಕ್ಕದಿಂದ ನೋಡಿದಂತೆ ಬರೆದ ಚಿತ್ರದಲ್ಲಿ ತೋರಿಸಿದರೆ ಓದುಗರಿಗೆ ಹೆಚ್ಚು ಅನುಕೂಲವಾದೀತು.

ಇತಿ,
ತಮ್ಮ ಓದುಗ