ಸಣ್ಣ ಸೆಡಾನ್‌ಗಳ ಬಾಳಿಕೆ ಮತ್ತು ಯಾರೂ ತೆರೆಯದ ಆ ಎರಡನೇ ಕೋಷ್ಟಕ

ಮಾನ್ಯ ಸಂಪಾದಕರೇ,

ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಅಂದಿನಿಂದ ವಿಜಯಪುರ, ಬಾಗಲಕೋಟೆ ಕಡೆಯ ಗ್ಯಾರೇಜುಗಳಲ್ಲಿ ಒಂದೇ ಪ್ರಶ್ನೆ: ‘ಡಿಕ್ಕಿ ಇರೋ ಸಣ್ಣ ಗಾಡಿಯೊಳಗ ಯಾವುದು ಕೆಡಂಗಿಲ್ರೀ?’ ಡಿಸೈರ್ ಎಂದು ಒಬ್ಬರು, ಅಮೇಜ್ ಎಂದು ಇನ್ನೊಬ್ಬರು, ಔರಾ, ಟಿಗೋರ್ ಎಂದು ಮತ್ತೊಬ್ಬರು ವಾದ ಹಾಕುತ್ತಾರೆ. ಈ ನಾಲ್ಕೂ 4 ಮೀಟರ್ ಒಳಗಿನ ಉದ್ದದವು, ನಾಲ್ಕರಲ್ಲೂ 1.2 ಲೀಟರ್ ಪೆಟ್ರೋಲ್ ಎಂಜಿನ್. ತೆರಿಗೆಯ ಅಳತೆಗೆ ತಕ್ಕಂತೆ ಹೊಲಿದ ಗಾಡಿಗಳಿವು. ಇವುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಮಾಡೆಲ್ಲಿನ ಎರಡು ಗಾಡಿಗಳ ನಡುವಿನ ವ್ಯತ್ಯಾಸ ದೊಡ್ಡದು. ಒಂದು 2 ಲಕ್ಷ ಕಿಲೋಮೀಟರ್ ದಾಟಿದರೂ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಿಸಿಕೊಂಡಿರುವುದಿಲ್ಲ, ಇನ್ನೊಂದು 80 ಸಾವಿರಕ್ಕೇ ಆಯಿಲ್ ಕುಡಿಯಲು ಶುರುಮಾಡುತ್ತದೆ.

ಇದಕ್ಕೆ ಕಾರಣ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲೇ ಇದೆ. ಬಹುತೇಕ ಕಂಪನಿಗಳ ಪುಸ್ತಕದಲ್ಲಿ ಸರ್ವಿಸ್ ಕೋಷ್ಟಕದ ಹಿಂದೆ ಮತ್ತೊಂದು ಕೋಷ್ಟಕ ಇಲ್ಲವೇ ಟಿಪ್ಪಣಿ ಇರುತ್ತದೆ: ದೂಳಿನ ರಸ್ತೆ, ವಿಪರೀತ ಬಿಸಿಲು, ಪದೇ ಪದೇ ಸಣ್ಣ ಓಡಾಟ, ತುಂಬು ಭಾರ ಇದ್ದಲ್ಲಿ ಇಂತಿಂಥ ಕೆಲಸ ಬೇಗ ಮಾಡಿಸಿ ಎಂದು. ಏಪ್ರಿಲ್–ಮೇಯಲ್ಲಿ 40 ಡಿಗ್ರಿ ದಾಟುವ ವಿಜಯಪುರಕ್ಕೆ, ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ತೆವಳುವ ಮುಧೋಳ–ಜಮಖಂಡಿ ರಸ್ತೆಗೆ, ಎರಿ ಹೊಲದ ದಾರಿಗೆ ಇದಕ್ಕಿಂತ ಸರಿಯಾದ ವಿವರಣೆ ಬೇಕೆ? ಆದರೂ ಸರ್ವಿಸ್ ಸೆಂಟರುಗಳಲ್ಲಿ ಲೆಕ್ಕ ಹಿಡಿಯುವುದು ಮೊದಲ ಕೋಷ್ಟಕದ್ದೇ: ಹೆಚ್ಚಾಗಿ ವರ್ಷ ಇಲ್ಲವೇ 10 ಸಾವಿರ ಕಿಲೋಮೀಟರ್. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಈ ನಮ್ಮ ಮೂರು ಜಿಲ್ಲೆಗಳ ಗಾಡಿಗೆ ಎರಡನೇ ಕೋಷ್ಟಕವೇ ಅನ್ವಯ ಎನ್ನುವುದು ಈ ಪತ್ರದ ವಾದ.

ಮೊದಲು ದೂಳು. ರಾಶಿಯ ಹಂಗಾಮಿನಲ್ಲಿ ಹಳ್ಳಿ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು 5 ಸಾವಿರಕ್ಕೊಮ್ಮೆ ತೆಗೆದು ನೋಡಬೇಕು, 10ರಿಂದ 15 ಸಾವಿರದೊಳಗೆ ಬದಲಿಸಬೇಕು. ಡಬ್ಬಿಯ ಮುಚ್ಚಳ ತೆಗೆದಾಗ ಎಲ್ಲರೂ ಫಿಲ್ಟರಿನ ಮುಖ ನೋಡುತ್ತಾರೆ. ನೋಡಬೇಕಾದದ್ದು ಫಿಲ್ಟರ್ ದಾಟಿದ ಮೇಲಿನ ಜಾಗ, ಎಂದರೆ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ ಒಳಮೈ. ಅಲ್ಲಿ ಬಿಳಿ ಬಟ್ಟೆಯಿಂದ ಒರೆಸಿದಾಗ ಕಂದು ಪುಡಿ ಹತ್ತಿದರೆ ಫಿಲ್ಟರಿನ ರಬ್ಬರ್ ಅಂಚು ಕೂತಿಲ್ಲವೆಂದೇ ಅರ್ಥ. ಅಗ್ಗದ ಫಿಲ್ಟರುಗಳಲ್ಲಿ ಕಾಗದ ಚೆನ್ನಾಗಿದ್ದರೂ ಈ ಅಂಚು ಗಟ್ಟಿಯಾಗಿರುತ್ತದೆ, ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಅಷ್ಟು ಸಾಕು. ನುಣ್ಣನೆಯ ದೂಳು ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗ್ ತೇಯುತ್ತದೆ, ಆಮೇಲೆ ಆಯಿಲ್ ಸುಡುತ್ತದೆ, ಹೊಗೆ ನೀಲಿಯಾಗುತ್ತದೆ, ‘ಈ ಕಂಪನಿ ಎಂಜಿನ್ನೇ ಸರಿ ಇಲ್ಲ’ ಎಂಬ ಮಾತು ಹುಟ್ಟುತ್ತದೆ. ಕಂಪ್ರೆಸರ್ ಗಾಳಿ ಹೊಡೆಯುವುದಾದರೆ ಒಳಮುಖದಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ, ತುಸು ದೂರ ಹಿಡಿದು ಹೊಡೆಯಬೇಕು. ಹೊರಮುಖದಿಂದ ಜೋರಾಗಿ ಹೊಡೆದರೆ ದೂಳು ಕಾಗದದೊಳಕ್ಕೇ ಹೊಗುತ್ತದೆ, ಕಾಗದ ತೂತೂ ಆಗಬಹುದು.

ಇನ್ನು ನೀರು. ನಮ್ಮ ಕಡೆ ಎಂಜಿನ್ ಹಾಳಾಗುವುದರಲ್ಲಿ ದೊಡ್ಡ ಪಾಲು ಇದರದ್ದೇ. ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾದರೆ ಪೆಟ್ರೋಲ್ ಬಂಕಿನ ನಲ್ಲಿಯಿಂದಲೋ ಹೊಲದ ಬೋರಿನಿಂದಲೋ ಸವಳು ನೀರು ಸುರಿಯುವುದು ರೂಢಿ. ಆ ನೀರಿನ ಸುಣ್ಣ ರೇಡಿಯೇಟರಿನ ಸಪೂರ ಕೊಳವೆಗಳಲ್ಲಿ ಕಟ್ಟುತ್ತದೆ, ವಾಟರ್ ಪಂಪಿನ ಸೀಲ್ ಕೊರೆಯುತ್ತದೆ, ಅದರ ಉಪ್ಪು ಅಲ್ಯೂಮಿನಿಯಂ ಹೆಡ್ಡನ್ನು ತಿನ್ನುತ್ತದೆ. ಕೂಲಂಟನ್ನು ಡಿಸ್ಟಿಲ್ಡ್ ವಾಟರಿನ ಜೊತೆ ಅರ್ಧಕ್ಕರ್ಧ ಬೆರೆಸಿ ಹಾಕಬೇಕು. ಚಳಿ ಪ್ರದೇಶದವರಿಗಷ್ಟೇ ಕೂಲಂಟ್ ಬೇಕು ಎನ್ನುವುದು ತಪ್ಪು ತಿಳಿವಳಿಕೆ. ಅದು ನೀರಿನ ಕುದಿಬಿಂದುವನ್ನು ಮೇಲಕ್ಕೇರಿಸುತ್ತದೆ, ತುಕ್ಕು ತಡೆಯುತ್ತದೆ, ಹೀಗಾಗಿ ನಮ್ಮ ಬಿಸಿಲಿಗೇ ಹೆಚ್ಚು ಅಗತ್ಯ. ರೆಡಿಮಿಕ್ಸ್ ಡಬ್ಬಿಯಾದರೆ ಮತ್ತೆ ನೀರು ಬೆರೆಸಬಾರದು. ಬಣ್ಣ ಒಂದೇ ಇದೆಯೆಂದು ಬೇರೆ ಬೇರೆ ಜಾತಿಯ ಕೂಲಂಟ್ ಕೂಡಿಸಬಾರದು. ಕೆಲವು ಒಂದಕ್ಕೊಂದು ಹೊಂದದೆ ರಾಡಿ ಕಟ್ಟುತ್ತವೆ.

ರೇಡಿಯೇಟರ್ ಕ್ಯಾಪನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಲಂಟನ್ನು ಒತ್ತಡದಲ್ಲಿಟ್ಟು ಕುದಿಯದಂತೆ ತಡೆಯುವುದು ಅದೇ. ಅದರ ರಬ್ಬರ್ ಸೀಳಿದರೆ ಒತ್ತಡ ನಿಲ್ಲದೆ ಕೂಲಂಟ್ ಉಕ್ಕಿ ಹೊರಬೀಳುತ್ತದೆ. ಚಿಲ್ಲರೆ ಖರ್ಚಿನ ಈ ಕ್ಯಾಪ್ ಬದಲಿಸಿ ನೋಡುವ ಮೊದಲೇ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲ್) ಹೋಗಿದೆ ಎಂದು ಎಂಜಿನ್ ಬಿಚ್ಚಲು ಯಾರಾದರೂ ಹೊರಟರೆ ಗಾಡಿ ಅಲ್ಲಿಂದ ತೆಗೆಯಿರಿ. ಹಾಗೆಯೇ ‘ಬ್ಯಾಸಿಗಿಗೆ ಹೀಟ್ ಆಗಬಾರದು’ ಎಂದು ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕಿತ್ತು ಒಗೆಯುವ ಚಟ ನಮ್ಮ ಕೆಲವು ಮಿಸ್ತ್ರಿಗಳಿಗೆ ಇನ್ನೂ ಬಿಟ್ಟಿಲ್ಲ. ಕಿತ್ತರೆ ಎಂಜಿನ್ ಬೇಗ ಕಾಯುವುದಿಲ್ಲ. ತಣ್ಣಗಿದೆ ಎಂದು ಸೆನ್ಸರ್ ಹೇಳಿದಷ್ಟು ಹೊತ್ತೂ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚು ಕೊಡುತ್ತದೆ. ಎವರೇಜ್ ಬೀಳುತ್ತದೆ, ಆಯಿಲ್ ಕೆಡುತ್ತದೆ.

ಈ ವರ್ಗದ ಹಲವು ಗಾಡಿಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ, ದೀಪವಷ್ಟೇ. ಕೆಂಪು ದೀಪ ಬಂದಾಗ ಎಂಜಿನ್ ಆಗಲೇ ಕುದಿದಿರುತ್ತದೆ. ‘ಇನ್ನೆರಡು ಕಿಲೋಮೀಟರ್, ಊರು ಬಂತು’ ಎಂದು ಓಡಿಸಿದರೆ ಹೆಡ್ ಬಾಗುತ್ತದೆ. ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಎಂಜಿನ್ ಪೂರಾ ಆರುವ ತನಕ ಕ್ಯಾಪ್ ಮುಟ್ಟಬೇಡಿ, ಬಿಸಿ ಎಂಜಿನ್ನಿಗೆ ತಣ್ಣೀರು ಹಾಕಬೇಡಿ. ಬೇಸಿಗೆ ಶುರುವಾಗುವ ಮುಂಚೆ ಎಸಿ ಹಾಕಿ ರೇಡಿಯೇಟರ್ ಫ್ಯಾನ್ ತಿರುಗುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಮುಂಭಾಗದ ಎಸಿ ಕಂಡೆನ್ಸರಿನ (ರೇಡಿಯೇಟರಿನಂಥ ಜಾಲರಿ) ಪದರಗಳಲ್ಲಿ ಸಿಕ್ಕ ಹುಳ, ರವದಿ, ದೂಳನ್ನು ಮೆಲ್ಲನೆಯ ನೀರಿನಿಂದ ತೊಳೆಸಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಆ ಪದರಗಳು ಮಡಚಿಕೊಳ್ಳುತ್ತವೆ.

ಎಂಜಿನ್ ಆಯಿಲ್ ವಿಷಯಕ್ಕೆ ಬಂದರೆ, ಎರಡನೇ ಕೋಷ್ಟಕ ಹಿಡಿದರೆ 5 ಸಾವಿರ ಕಿಲೋಮೀಟರ್ ಇಲ್ಲವೇ 6 ತಿಂಗಳಿಗೊಮ್ಮೆ ಬದಲಿಸಬೇಕು. ದುಬಾರಿ ಎನಿಸಬಹುದು. ಆದರೆ ಈ ಎಂಜಿನ್ನುಗಳಿಗೆ ಬೇಕಾಗುವುದು ಸುಮಾರು 3ರಿಂದ ಮೂರೂವರೆ ಲೀಟರ್ ಮಾತ್ರ. ಆಯಿಲ್ ಕಡಿಮೆ ಇರುವುದರಿಂದಲೇ ಅರ್ಧ ಲೀಟರ್ ಇಳಿದರೂ ದೊಡ್ಡ ನಷ್ಟ. ಗ್ರೇಡ್ ಪುಸ್ತಕದಲ್ಲಿ ಇದ್ದಂತೆಯೇ ಇರಲಿ. ‘ನಮ್ಮ ಬಿಸಿಲಿಗೆ ದಪ್ಪ ಆಯಿಲ್ ಬೇಕು’ ಎಂದು ಲಾರಿಗೆ ಹಾಕುವಂಥದ್ದನ್ನು ಈಗಿನ ಪೆಟ್ರೋಲ್ ಎಂಜಿನ್ನಿಗೆ ಸುರಿದರೆ ವಾಲ್ವ್ ಟೈಮಿಂಗ್ ಬದಲಿಸುವ ಸಣ್ಣ ದಾರಿಗಳಿಗೆ ಅದು ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ.

ಹಳೆಯ ಡೀಸೆಲ್ ಡಿಸೈರ್ ಕೊಳ್ಳುವವರು ಇಲ್ಲಿ ಕಿವಿ ತೆರೆದಿರಲಿ. ಅದರಲ್ಲಿರುವುದು ಫಿಯೆಟ್ ಮೂಲದ 1,248 ಸಿಸಿ ಎಂಜಿನ್. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್-6 ಬಂದಾಗ ಅದು ನಿಂತಿತು, ಆದರೆ ಗಾಡಿಗಳು ಇನ್ನೂ ಓಡುತ್ತಿವೆ. ಒಳ್ಳೆಯ ಎಂಜಿನ್, ಎರಡು ಮಾತಿಲ್ಲ. ಅದರ ಟೈಮಿಂಗ್ ಚೈನ್ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ) ಬಾಳುವುದು ಆಯಿಲ್ ಮೇಲೆ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ. ಮೊದಲ ಎರಡು-ಮೂರು ಸೆಕೆಂಡು ಕರಕರ ಸದ್ದು ಬಂದು ನಿಂತರೆ ಚೈನ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು, ದರ ಆ ಪ್ರಕಾರ ಮಾತಾಡಿ. ಮಾರುವವರು ಮೊದಲೇ ಎಂಜಿನ್ ಕಾಯಿಸಿಟ್ಟಿದ್ದರೆ ಬಾನೆಟ್ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಹಂಪ್ಸ್ ವಿಷಯವೂ ಆಯಿಲ್‌ಗೇ ಸೇರಿದ್ದು. ಡಿಸೈರ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್. ಅದು ಖಾಲಿ ಗಾಡಿಯ ಲೆಕ್ಕ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಚೀಲ ಜೋಳ ಹಾಕಿದ ಮೇಲೆ ಎಷ್ಟು ಉಳಿದೀತು? ಹಳ್ಳಿಯವರು ತಾವೇ ಹಾಕಿಕೊಂಡ ಬಣ್ಣವಿಲ್ಲದ ಹಂಪ್ಸ್ ತಗುಲಿ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಳಕ್ಕೆ ತಗ್ಗಾಗುತ್ತದೆ. ಸೋರಿದರೆ ಒಂದು ಲೆಕ್ಕಕ್ಕೆ ಪುಣ್ಯ, ಕಣ್ಣಿಗೆ ಬೀಳುತ್ತದೆ. ಸೋರದೆ ಬರೀ ತಗ್ಗಾದರೆ ಸಂಪಿನ ತಳ ಆಯಿಲ್ ಹೀರುವ ಒಳಗಿನ ಸ್ಟ್ರೈನರಿನ (ಜಾಲರಿಯ) ಬಾಯಿಗೆ ಹತ್ತಿರ ಬಂದು ಪಂಪಿಗೆ ಆಯಿಲ್ ಸಾಕಾಗುವುದಿಲ್ಲ. ಡಿಪ್‌ಸ್ಟಿಕ್ ಮಟ್ಟ ಸರಿ ತೋರಿಸುತ್ತದೆ, ಬೇರಿಂಗ್ ಒಳಗೇ ಸವೆಯುತ್ತದೆ. ದೊಡ್ಡ ಪೆಟ್ಟು ಬಿದ್ದ ಮೇಲೆ ಲಿಫ್ಟ್ ಮೇಲೆ ಹಾಕಿಸಿ ಸಂಪ್ ನೋಡದೆ ಬಿಡಬೇಡಿ.

ಸಸ್ಪೆನ್ಷನ್ ಬಗ್ಗೆ ಒಂದೇ ದೂರು ಎಲ್ಲರದ್ದು: ‘ಹೊಸಾ ಬುಷ್ ಹಾಕಿಸಿ ಮೂರು ತಿಂಗಳಾಗಿಲ್ಲ, ಮತ್ತ ಗಡಗಡ ಅಂತೈತಿ.’ ತಪ್ಪು ಬಹಳ ಸಲ ಬುಷ್‌ನದ್ದಲ್ಲ. ಬುಷ್ ಎಂದರೆ ಗಾಲಿ ಹಿಡಿಯುವ ಲೋವರ್ ಆರ್ಮ್ ಕೀಲಿನ ರಬ್ಬರ್. ಆ ಆರ್ಮ್ ಬೋಲ್ಟನ್ನು ಗಾಡಿ ಜಾಕ್ ಮೇಲೆ ತೂಗುತ್ತಿರುವಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಆಮೇಲೆ ಗಾಲಿ ನೆಲಕ್ಕೆ ಇಳಿದಾಗ ಆರ್ಮ್ ಮೇಲೇರುತ್ತದೆ, ಒಳಗೆ ಕಚ್ಚಿ ಹಿಡಿದ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಕೆಲವೇ ಸಾವಿರ ಕಿಲೋಮೀಟರಿಗೆ ಹರಿಯುತ್ತದೆ. ಬೋಲ್ಟ್ ಕೈಯಿಂದ ಹಾಕಿ, ಗಾಡಿ ಗಾಲಿ ಮೇಲೆ ನಿಂತ ಭಂಗಿಗೆ ಬಂದ ಮೇಲೆ ಕಡೆಯ ಬಿಗಿ ಕೊಡಬೇಕು. ಬದಲಿಸಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಸಣ್ಣ ತಗ್ಗಿನಲ್ಲಿ ಕಟಕಟ ಬಂದರೆ ಮೊದಲು ಲಿಂಕ್ ರಾಡ್ (ಸಸ್ಪೆನ್ಷನ್ನಿನ ಸಣ್ಣ ಜೋಡಣೆ ಕಡ್ಡಿ) ನೋಡಿಸಿ, ಅದು ಆರ್ಮ್‌ಗಿಂತ ಬಹಳ ಅಗ್ಗ.

ಮೂರು ಸಿಲಿಂಡರಿನ ಗಾಡಿ (ಟಿಗೋರ್, 2024ರ ನವೆಂಬರ್‌ನಲ್ಲಿ ಬಂದ ಹೊಸ ಡಿಸೈರ್) ನಿಂತಲ್ಲಿ ಸ್ವಲ್ಪ ನಡುಗುವುದು ಅದರ ಗುಣ, ರೋಗವಲ್ಲ. ನಡುಕ ಇದ್ದಕ್ಕಿದ್ದಂತೆ ಹೆಚ್ಚಾದರೆ ಮಾತ್ರ ಪ್ಲಗ್, ಕಾಯಿಲ್, ಎಂಜಿನ್ ಮೌಂಟ್ ನೋಡಿಸಿ. ಎಎಂಟಿ (ಗೇರ್ ತಾನೇ ಬದಲಾಗುವ) ಗಾಡಿಯವರು ಏರಿನಲ್ಲಿ ಎಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬಾರದು, ಒಳಗಿರುವುದು ಮಾಮೂಲಿ ಕ್ಲಚ್ ಪ್ಲೇಟೇ, ಸುಟ್ಟುಹೋಗುತ್ತದೆ. ಬ್ಯಾಟರಿ ಬೇಸಿಗೆಯಲ್ಲಿ ಬೇಗ ಸೊರಗುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಸಿ ಪರೀಕ್ಷಿಸಿ.

ಸಿಎನ್‌ಜಿ ಗಾಡಿಯವರಿಗೆ ಎರಡು ಮಾತು. ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಲೇಬೇಕು, ದಿನಾಂಕ ಪ್ಲೇಟಿನ ಮೇಲಿರುತ್ತದೆ, ಹಳೆಯ ಗಾಡಿ ಕೊಳ್ಳುವಾಗ ಮೊದಲು ಅದನ್ನೇ ನೋಡಿ. ಗ್ಯಾಸ್ ಅಗ್ಗವೆಂದು ಪೆಟ್ರೋಲ್ ಟ್ಯಾಂಕ್ ಬತ್ತಿಸಬೇಡಿ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದೇ ಪೆಟ್ರೋಲ್. ಗ್ಯಾಸ್‌ನಲ್ಲೇ ಓಡುವ ಎಂಜಿನ್ನಿನ ಪ್ಲಗ್ ಮತ್ತು ವಾಲ್ವ್ ಕ್ಲಿಯರೆನ್ಸ್ ಹೆಚ್ಚು ಸಲ ನೋಡಿಸಬೇಕು. ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ, ಗ್ಯಾಸ್‌ಗೆ ಬದಲಾದ ಕೂಡಲೇ ಜರ್ಕ್ ಎಂಬ ದೂರುಗಳ ಮೂಲ ಅನೇಕ ಸಲ ಅಲ್ಲೇ.

ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಬಗ್ಗೆ ಊರೆಲ್ಲ ಗದ್ದಲ. ಆ ಎಥನಾಲ್‌ನಲ್ಲಿ ನಮ್ಮ ಕಡೆಯ ಕಬ್ಬಿನ ಪಾಲೂ ಇದೆ, ಆದ್ದರಿಂದ ಬೈಯುವಾಗ ಸ್ವಲ್ಪ ಮೆಲ್ಲಗೆ. 2023ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಲ್ಲಿ ಇಂಧನದ ರಬ್ಬರ್ ಪೈಪು, ಓ-ರಿಂಗುಗಳನ್ನು ಸರ್ವಿಸ್‌ಗೊಮ್ಮೆ ನೋಡಿಸಿ, ವಾಸನೆ ಬಂದರೆ ಬದಲಿಸಿ. ಎಥನಾಲ್ ನೀರು ಹೀರುತ್ತದೆ. ಖಾನಾಪುರ, ಬೆಳಗಾವಿ ಮಳೆಯಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವವರು ಟ್ಯಾಂಕ್ ಅರೆಬರೆ ಬಿಡದೆ ತುಂಬಿಸಿಡಿ. ಅದೇ ಮಳೆಗೆ ಗಾಡಿಯ ತಳವೂ ತುಕ್ಕು ಹಿಡಿಯುತ್ತದೆ, ಬಾಗಿಲ ಕೆಳಗಿನ ನೀರಿಳಿಯುವ ತೂತುಗಳಲ್ಲಿ ಕೆಸರು ಕಟ್ಟದಂತೆ ನೋಡಿಕೊಳ್ಳಿ.

ಸರ್ವಿಸ್ ಸೆಂಟರಿನವರಲ್ಲಿ ನಮ್ಮ ಬೇಡಿಕೆ ಇಷ್ಟೇ. ನಮ್ಮ ಮೂರು ಜಿಲ್ಲೆಗಳ ಕೆಎ-22, 28, 29ರಂಥ ನಂಬರಿನ ಗಾಡಿ ಬಂದರೆ ಯಾವ ರಸ್ತೆ, ಎಷ್ಟು ಭಾರ, ದಿನಕ್ಕೆ ಎಷ್ಟು ಓಡಾಟ ಎಂದು ಕೇಳಿ, ಅದರ ಪ್ರಕಾರ ಎರಡನೇ ಕೋಷ್ಟಕದ ಕೆಲಸಗಳನ್ನು ಜಾಬ್ ಕಾರ್ಡಿನಲ್ಲೇ ಬರೆಯಲಿ. ಇಂಜೆಕ್ಟರ್ ಕ್ಲೀನಿಂಗ್, ಡೆಕಾರ್ಬನೈಸಿಂಗ್, ಟೆಫ್ಲಾನ್ ಕೋಟಿಂಗ್ ಎಂದು ಬಿಲ್ಲಿಗೆ ಸೇರಿಸುವ ಉತ್ಸಾಹದಲ್ಲಿ ಅರ್ಧವನ್ನಾದರೂ ಏರ್ ಫಿಲ್ಟರಿನ ರಬ್ಬರ್ ಅಂಚು ನೋಡಲು ಬಳಸಲಿ. ಬದಲಿಸಿದ ಹಳೆಯ ಸಾಮಾನನ್ನು ಮಾಲೀಕರ ಕೈಗೆ ಕೊಡಲಿ. ಮಾಲೀಕರೂ ಅಷ್ಟೇ: ನಡುವಿನ ಆಯಿಲ್ ಬದಲಾವಣೆಯನ್ನು ಹೊರಗೆ ಮಾಡಿಸಿದರೆ ಆಯಿಲ್ ಗ್ರೇಡ್, ಫಿಲ್ಟರ್, ಕಿಲೋಮೀಟರ್ ಬರೆದ ಬಿಲ್ ಪಡೆದು ಇಟ್ಟುಕೊಳ್ಳಿ. ವಾರಂಟಿ ಕೇಳುವ ದಿನ ಬಂದಾಗ ಮೊದಲು ಕೇಳುವುದು ಆ ಕಾಗದವನ್ನೇ.

— ಒಬ್ಬ ಮೋಟಾರು ಮೆಕ್ಯಾನಿಕ್, ವಿಜಯಪುರ