ಭಾನುವಾರ ಧರೆಗೆ ಕಲ್ಲುಬುಟ್ಟಿ ಗೋಡೆ

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆ ಹಿಂದಿನ ಧರೆ (ಮಣ್ಣಿನ ದಿಬ್ಬ) ಜರಿದಿದ್ದು ನೆನಪಿದೆ ಅಲ್ವಾ? ಅಲ್ಲಿಗೆ ಗೇಬಿಯನ್ ಗೋಡೆ ಕಟ್ಟುತ್ತಿದ್ದೇವೆ. ತಂತಿ ಬಲೆಯ ಪೆಟ್ಟಿಗೆಗೆ ಕಲ್ಲು ತುಂಬುವುದು, ಅಷ್ಟೇ. ಸಿಮೆಂಟ್ ಬೇಡ. ನೀರು ಕಲ್ಲಿನ ಸಂದಿಯಲ್ಲೇ ಹರಿದು ಹೋಗುತ್ತದೆ.

ಹಳೆ ಚೈನ್‌ಲಿಂಕ್ ಬೇಲಿ, ಕಾಂಕ್ರೀಟ್ ಚೂರು, ಕಾಡುಗಲ್ಲು ಇದ್ದವರು ಶನಿವಾರವೇ ತಂದು ಹಾಕಿ. ಕಲ್ಲು ಬಲೆಯ ಕಣ್ಣಿಗಿಂತ ದಪ್ಪ ಇರಲಿ. ಕೋಳಿ ಬಲೆ ಮಾತ್ರ ಬೇಡ. ಹಿಂದೊಮ್ಮೆ ದುಡ್ಡು ಉಳಿಯುತ್ತೆ ಅಂತ ನಾನು ಅದನ್ನೇ ಹಾಕಿದ್ದೆ. ಬುಟ್ಟಿ ಹೊಟ್ಟೆ ಬಿಟ್ಟು, ಕಲ್ಲೆಲ್ಲ ಅಂಗಳಕ್ಕೆ ಬಂದಿತ್ತು! ಈ ಸಲ ಮುಂದಿನ ಬಲೆಗೂ ಹಿಂದಿನದಕ್ಕೂ ಅಡ್ಡ ತಂತಿ ಬಿಗಿಯಬೇಕು. ಅದಕ್ಕೆ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ ತಂತಿ) ತೀರ್ಥಹಳ್ಳಿಯಿಂದ ತಂದಾಗಿದೆ.

ಎತ್ತರ 1 ಮೀಟರ್ ಸಾಕು. ಜಾಸ್ತಿ ಆದರೆ ಎಂಜಿನಿಯರ್ ನೋಡಲೇಬೇಕು.

ಬೆಳಗ್ಗೆ 8ಕ್ಕೆ ಬನ್ನಿ, ಕೈಗವಸು ತನ್ನಿ. ತಿಂಡಿಗೆ ನಮ್ಮನೇಲಿ ಕಡುಬು.